ಅಮ್ಮನ ಹಳೆ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್? ಮಿಂಟ್‌ನಲ್ಲಿ ವೈಫೈ ಕಾಣುತ್ತಿಲ್ಲ

ಬದಿಯಡ್ಕದಿಂದ:
ನಮಸ್ಕಾರ. ನನ್ನಮ್ಮ ಇದುವರೆಗೆ ಕಂಪ್ಯೂಟರ್ ಮುಟ್ಟಿದವರಲ್ಲ. ಅಡಿಕೆ ಲೆಕ್ಕ ಬರೆದಿಡಬೇಕು, ಯಕ್ಷಗಾನ ನೋಡಬೇಕು, ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಬೇಕು. ಇಷ್ಟೇ ಆಸೆ. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ್‍ಯಾಮ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಇದಕ್ಕೆ ಹಿಡಿಸುವುದಿಲ್ಲ. ಉಬುಂಟು ಎಂಬ ಲಿನಕ್ಸ್ ಹಾಕಿದರೆ ಬ್ರೌಸರ್ ತೆವಳುತ್ತದೆ. ಮಿಂಟ್ ಎಕ್ಸ್‌ಎಫ್‌ಸಿಇ (ಇನ್ನೊಂದು ಹಗುರ ಲಿನಕ್ಸ್) ಪೆನ್‌ಡ್ರೈವ್‌ನಲ್ಲಿ ಚುರುಕಾಗಿದೆ, ಆದರೆ ವೈಫೈ ಕಾಣುವುದೇ ಇಲ್ಲ. ಮಗಳು ಶಾಲೆಯಲ್ಲಿ ಕೈಟ್‌ನವರ (ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ) ಲಿನಕ್ಸ್ ಕಲಿಯುತ್ತಾಳೆ. ಅದನ್ನೇ ಹಾಕಲಾ?

ಕುಂಬಳೆಯಿಂದ:
ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ನೆಟ್‌ವರ್ಕ್ ಸಾಲು ನೋಡಿ. ಯಾವ ಚಿಪ್?

ಬದಿಯಡ್ಕದಿಂದ:
ಬ್ರಾಡ್‌ಕಾಮ್ ಬಿಸಿಎಂ43142, ಮಾಸ್ಟ್ರೇ.

ಕುಂಬಳೆಯಿಂದ:
ಹಾಗಾದರೆ ಹೆದರಬೇಡಿ. ಇದರ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಮುಕ್ತ ತಂತ್ರಾಂಶವಲ್ಲ, ನಾವೇ ಹಾಕಿಕೊಳ್ಳಬೇಕು. ಮೊದಲು ಮಿಂಟ್ ಇನ್‌ಸ್ಟಾಲ್ ಮಾಡಿ. ಆಮೇಲೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿ. ಡ್ರೈವರ್ ಮ್ಯಾನೇಜರ್‌ನಲ್ಲಿ ಬ್ರಾಡ್‌ಕಾಮ್ ಆರಿಸಿ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ, ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬರುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' (ಡ್ರೈವರ್‌ನ ಕೀಲಿಯನ್ನು ನಂಬಲು ಒಪ್ಪಿಗೆ) ಒತ್ತಿ ಅದೇ ಪಾಸ್‌ವರ್ಡ್ ಕೊಡಿ. ಗಾಬರಿಯಲ್ಲಿ ಅದನ್ನು ದಾಟಿಬಿಟ್ಟರೆ ಡ್ರೈವರ್ ಇದ್ದೂ ಕೆಲಸ ಮಾಡದು. ಜಾಸ್ತಿ ಜನ ಎಡವುವುದು ಇಲ್ಲೇ.

ಕೈಟ್‌ನದ್ದೂ ಉಬುಂಟು ಆಧಾರಿತವೇ, ಒಳ್ಳೆಯದೇ. ಆದರೆ ಪಾಠದ ತಂತ್ರಾಂಶಗಳೇ ತುಂಬಿವೆ, ಅಮ್ಮನಿಗೆ ಮೆನು ಕಾಡಿನಂತೆ ಕಂಡೀತು. ಮಗಳಿಗೆ ಗೊತ್ತಿರುವ ಲಿಬ್ರೆಆಫೀಸ್ ಕ್ಯಾಲ್ಕ್ (ಲೆಕ್ಕದ ಹಾಳೆ) ಮಿಂಟ್‌ನಲ್ಲೂ ಇದೆ. ಅಜ್ಜಿಗೆ ಅವಳೇ ಹೇಳಿಕೊಡಲಿ. ಮನೆಯಲ್ಲಿ ಕೇಳಲು ಒಬ್ಬರಿರುವುದು ದೊಡ್ಡ ಸಂಗತಿ ಅಲ್ವಾ?

ಇನ್ನೂ ಅನುಮಾನವಿದ್ದರೆ ಹೀಗೆ ಮಾಡಿ. ವೆಂಟಾಯ್ (ಹಲವು ಲಿನಕ್ಸ್ ಒಟ್ಟಿಗೆ ಇಡಲು ಬಿಡುವ ತಂತ್ರಾಂಶ) ಹಾಕಿದ ಒಂದೇ ಪೆನ್‌ಡ್ರೈವ್‌ನಲ್ಲಿ ಮಿಂಟ್, ಜೋರಿನ್, ಲುಬುಂಟು ಮೂರೂ ಇಡಬಹುದು. ಅಮ್ಮನನ್ನು ಕೂರಿಸಿ, ಪಕ್ಕದಲ್ಲಿ ಸುಮ್ನೆ ಕುಳಿತುಕೊಳ್ಳಿ. ಎಲ್ಲಿ ಅವರ ಕೈ ನಿಲ್ಲುತ್ತದೆ ನೋಡಿ. ನಮಗೆ ಚಂದ ಕಾಣುವುದು ಅವರಿಗೆ ಸುಲಭ ಆಗಬೇಕೆಂದಿಲ್ಲ.

ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್‌ನಲ್ಲಿ ಕನ್ನಡ ಕಗಪ (ಉಚ್ಚಾರದಂತೆ ಟೈಪ್ ಮಾಡುವ ಕೀಲಿವಿನ್ಯಾಸ) ಸೇರಿಸಿ. ಹಳೆ 'ನುಡಿ' ತಂತ್ರಾಂಶದ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲವಾದರೆ ಬರೀ ಚಿಹ್ನೆಗಳು ಕಾಣುತ್ತವೆ.

ಬದಿಯಡ್ಕದಿಂದ, ಎರಡು ದಿನದ ನಂತರ:
ವೈಫೈ ಬಂತು ಮಾಸ್ಟ್ರೇ! ಮೊದಲ ಸಲ ನೀಲಿ ಪರದೆ ದಾಟಿಹೋಗಿತ್ತು, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಅಮ್ಮ ಮೂರರಲ್ಲೂ ಕೂತರು. ಮಿಂಟ್‌ನಲ್ಲಿ ಮಾತ್ರ ನನ್ನನ್ನು ಕರೆಯದೆ ಮೆನು ತೆರೆದರು. ಅಕ್ಷರ ಸಣ್ಣದು ಎಂದರು, ಅಪಿಯರೆನ್ಸ್‌ನಲ್ಲಿ ಡಿಪಿಐ (ಅಕ್ಷರದ ಗಾತ್ರ ಬದಲಿಸುವ ಅಂಕಿ) 96ರಿಂದ 120ಕ್ಕೆ ಏರಿಸಿದೆ. ಈಗ ಮಗಳ ಜೊತೆ ಕೂತು ಅಡಿಕೆ ಲೆಕ್ಕ ಹಾಕುತ್ತಿದ್ದಾರೆ.