ದುಬಾರಿ ಐಸ್ ಫಿಶಿಂಗ್ ಲ್ಯೂರ್‌ಗಳಿಗೆ ಸುರಿದ ಹಣ ಸಾರ್ಥಕವೇ? ಅನುಭವಸ್ಥರು ತಿಳಿಸಿ

ಹೊಸ ಗಾಳ (ಸೇಂಟ್ ಪಾಲ್, ಮಿನ್ನೆಸೋಟ)

ಎಲ್ಲರಿಗೂ ನಮಸ್ಕಾರ. ಕಳೆದ ಚಳಿಗಾಲದಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಮೂರು ಬಾರಿ ವೈಟ್ ಬೇರ್ ಕೆರೆಯ ಮಂಜುಗಡ್ಡೆಗೆ ರಂಧ್ರ ಕೊರೆದು, ಗಾಳ ಇಳಿಸಿ ಕುಳಿತು ಬಂದಿದ್ದೇನೆ. ಒಟ್ಟು ಎರಡು ಕ್ರ್ಯಾಪಿ ಮೀನು ಸಿಕ್ಕವು, ಎರಡೂ ಅವರ ಗಾಳಕ್ಕೆ. ಈ ವರ್ಷ ಸ್ವಂತ ಸಲಕರಣೆ ಮಾಡಿಕೊಳ್ಳೋಣವೆಂದು ಅಂಗಡಿಗೆ ಹೋದರೆ, ಕಿರುಬೆರಳಿನಷ್ಟಿರುವ, ರಾಪಾಲ ಕಂಪನಿಯ ಲ್ಯೂರ್ (ಮೀನನ್ನು ಸೆಳೆಯುವ ಲೋಹದ ಹುಸಿಮೀನು) ಆದ ಜಿಗ್ಗಿಂಗ್ ರ‍್ಯಾಪ್ ಒಂದಕ್ಕೆ ಸುಮಾರು ಹತ್ತು ಡಾಲರ್, ಗಾಳಕ್ಕೆ ಭಾರದ ತಲೆ ಕೂಡಿಸಿದ, ಹೆಸರುಕಾಳಿನಷ್ಟಿರುವ ಟಂಗ್‌ಸ್ಟನ್ ಜಿಗ್‌ಗೆ ಐದು ಡಾಲರ್ ಎಂದು ಚೀಟಿ ಅಂಟಿಸಿದ್ದರು. ಅದೇ ಗೋಡೆಯ ಕೆಳಸಾಲಿನಲ್ಲಿ ಹತ್ತು ಸೀಸದ ಜಿಗ್‌ಗಳ ಪೊಟ್ಟಣ ಏಳು ಡಾಲರಿಗೆ ನೇತಾಡುತ್ತಿತ್ತು. ನಾನು ಎತ್ತಿಟ್ಟಿರುವುದು ಅರವತ್ತು ಡಾಲರ್. ಮೀನು ಎಲ್ಲಿದೆಯೆಂದು ತೋರಿಸುವ ಸೋನಾರ್ ಇಲ್ಲ. ಹತ್ತರಿಂದ ಹದಿನೈದು ಅಡಿ ನೀರಿನಲ್ಲಿ ಕ್ರ್ಯಾಪಿ, ಅದೃಷ್ಟವಿದ್ದರೆ ಸಂಜೆಗೊಂದು ವಾಲ್‌ಐ, ಇಷ್ಟೇ ನನ್ನ ಆಸೆ. ದುಬಾರಿಯವು ನಾಲ್ಕೈದು ಕೊಳ್ಳಲೇ, ಅಗ್ಗದವು ರಾಶಿ ಕೊಳ್ಳಲೇ?

ಮಿಲ್ ಲ್ಯಾಕ್ಸ್ ಸಂತ್ರಸ್ತ (ಮಿನ್ನೆಸೋಟ)

ಐದು ಚಳಿಗಾಲಗಳ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುವುದರಿಂದ ನಾನು ಅಂದಾಜಿನ ಮಾತನ್ನು ಆಡುತ್ತಿಲ್ಲ. ಕೊಂಡ ದುಬಾರಿ ಲ್ಯೂರ್‌ಗಳು 34, ತೆರಿಗೆಯೂ ಸೇರಿ ತೆತ್ತದ್ದು 371 ಡಾಲರ್, ಇಂದು ಪೆಟ್ಟಿಗೆಯಲ್ಲಿ ಉಳಿದಿರುವುದು 11. ಕಳೆದುಕೊಂಡ ಇಪ್ಪತ್ತಮೂರರಲ್ಲಿ ಮೂರು ಒಂದೇ ಸಂಜೆ ಹೋದವು, ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ.

ಮಿಲ್ ಲ್ಯಾಕ್ಸ್ ಕೆರೆಯ ಕಲ್ಲುದಿಬ್ಬವೊಂದರ ಅಂಚಿನಲ್ಲಿ 24 ಅಡಿ ನೀರಿತ್ತು. ನಾಲ್ಕು ಗಂಟೆಗೆ ಮೊದಲನೆಯದು ಬಂಡೆಯ ಸಂದಿಗೆ ಸಿಕ್ಕಿಕೊಂಡಿತು, ಎಳೆದರೆ ದಾರ ಗಂಟಿನ ಬಳಿಯೇ ತುಂಡಾಯಿತು: 10 ಡಾಲರ್ 68 ಸೆಂಟ್. ಅರ್ಧ ಗಂಟೆಯ ನಂತರ ಎರಡನೆಯದನ್ನು ನಾರ್ದರ್ನ್ ಪೈಕ್ ಎಂಬ ಹರಿತ ಹಲ್ಲಿನ ಮೀನು ಕತ್ತರಿಸಿಕೊಂಡು ಹೋಯಿತು, ಕೈಗೆ ಬಂದ ದಾರದ ತುದಿ ಬ್ಲೇಡಿನಿಂದ ಕೊಯ್ದಂತಿತ್ತು. ಮತ್ತೆ 10 ಡಾಲರ್ 68 ಸೆಂಟ್. ಸೂರ್ಯ ಮುಳುಗಿ ಕಾಲು ಗಂಟೆಯಾದ ಮೇಲೆ ಮೂರನೆಯದಕ್ಕೆ ಬಿದ್ದ ಮೀನು ಜೀವಮಾನದ ವಾಲ್‌ಐ. ತಲೆದೀಪದ ಬೆಳಕಿನಲ್ಲಿ ಅದರ ಕಣ್ಣು ರಂಧ್ರದ ತಳದಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತು, ಮೂತಿ ರಂಧ್ರದೊಳಕ್ಕೆ ಬಂದೇ ಬಿಟ್ಟಿತು. ಆ ಹೊತ್ತಿಗೆ ಸರಿಯಾಗಿ, ಬಾಯಿಂದ ಹೊರಗೆ ತೂಗುತ್ತಿದ್ದ ಲ್ಯೂರ್‌ನ ಹೊಟ್ಟೆಯ ಮೂರುಮುಳ್ಳಿನ ಕೊಕ್ಕೆ ಮಂಜುಗಡ್ಡೆಯ ಕೆಳ ಅಂಚಿಗೆ ಕಚ್ಚಿಕೊಂಡಿತು. ತೋಳು ಮಡಚದೆ ಮೊಣಕೈವರೆಗೂ ಕೈ ಇಳಿಸಿದೆ. ಮೀನು ಒಮ್ಮೆ ತಲೆ ಕೊಡವಿತು, ದಾರ ಸಡಿಲವಾಯಿತು, ಲ್ಯೂರ್ ಗಡ್ಡೆಯ ಅಡಿಯಲ್ಲೇ ಉಳಿಯಿತು. ಜಾಕೆಟ್ಟಿನ ತೋಳು ಕಾರು ಸೇರುವಷ್ಟರಲ್ಲಿ ಹಲಗೆಯಂತೆ ಗಟ್ಟಿಯಾಗಿತ್ತು.

ಇಷ್ಟಾದರೂ ನಾನು ಅಗ್ಗದ್ದಕ್ಕೆ ಹಿಂದಿರುಗಿಲ್ಲ, ಏಕೆಂದರೆ ಅದನ್ನೂ ಮಾಡಿ ನೋಡಿದ್ದೇನೆ. ಇಂಟರ್ನೆಟ್ಟಿನ ಒಂದು ಅಂಗಡಿಯಿಂದ ಹನ್ನೆರಡು ಡಾಲರಿಗೆ ಆರು ನಕಲಿಗಳನ್ನು ತರಿಸಿದೆ. ನೋಡಲು ತದ್ರೂಪ. ಎರಡನೇ ದಿನದ ಚಳಿಗೆ ಬಾಲದ ಪ್ಲಾಸ್ಟಿಕ್ ರೆಕ್ಕೆಯ ಅಂಟು ಬಿಟ್ಟಿತು. ಆ ರೆಕ್ಕೆಯಿದ್ದರೆ ಎತ್ತಿ ಬಿಟ್ಟಾಗಲೆಲ್ಲ ಲ್ಯೂರ್ ಪಕ್ಕಕ್ಕೆ ಈಜಿ, ಸುತ್ತು ಹಾಕಿ, ರಂಧ್ರದ ನೇರಕ್ಕೆ ಬಂದು ನಿಲ್ಲುತ್ತದೆ. ಅದಿಲ್ಲದಿದ್ದರೆ ಕೆಳಗೆ ಇಳಿಯುವುದು ಬರೀ ಲೋಹದ ತುಂಡು.

ಟಂಗ್‌ಸ್ಟನ್ ಪಕ್ಷಪಾತಿ (ಮ್ಯಾಡಿಸನ್, ವಿಸ್ಕಾನ್ಸಿನ್)

ಮೇಲಿನವರು ಮೂರನ್ನು ಒಂದೇ ಸಂಜೆ ಕಳೆದುಕೊಂಡದ್ದಕ್ಕೆ ಕಾರಣ ಬಂಡೆಯೂ ಅಲ್ಲ, ಪೈಕೂ ಅಲ್ಲ. ಮೊದಲನೆಯದು ಗಂಟಿನ ಬಳಿ ತುಂಡಾಯಿತೆಂದು ಅವರೇ ಬರೆದಿದ್ದಾರೆ, ಅಂದರೆ ಗಂಟು ಬಿಗಿಯುವ ಮುನ್ನ ದಾರವನ್ನು ಒದ್ದೆ ಮಾಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಹಣ ಹಾಕುವುದಾದರೆ ಟಂಗ್‌ಸ್ಟನ್‌ಗೆ ಹಾಕಬೇಕು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ಟಂಗ್‌ಸ್ಟನ್ನಿನದು 19.3. ಅದೇ ತೂಕಕ್ಕೆ ಜಿಗ್ ಹೆಚ್ಚುಕಡಿಮೆ ಐದರಲ್ಲಿ ಮೂರು ಪಾಲಿನಷ್ಟು ಗಾತ್ರದಲ್ಲಿ ಮುಗಿಯುತ್ತದೆ, ಆದ್ದರಿಂದ ನೀರು ಅದನ್ನು ಕಡಿಮೆ ತಡೆಯುತ್ತದೆ ಮತ್ತು ಅದು ಬೇಗ ಇಳಿಯುತ್ತದೆ. ಎರಡು ಪೌಂಡ್ ಎಳೆತ ತಾಳುವ ತೆಳು ದಾರ ಚಳಿಗೆ ರೀಲಿನಿಂದ ಸುರುಳಿ ಸುರುಳಿಯಾಗಿಯೇ ಹೊರಬರುತ್ತದೆ. ಅದನ್ನು ನೇರ ಮಾಡುವಷ್ಟು ಭಾರ ತುದಿಯಲ್ಲಿಲ್ಲದಿದ್ದರೆ ಮೀನು ಮುಟ್ಟಿದ್ದು ನಿಮ್ಮ ಕೈಗೆ ತಿಳಿಯುವುದೇ ಇಲ್ಲ. ಮೆಂಡೋಟಾ ಕೆರೆಯಲ್ಲಿ 60 ಅಡಿ ಆಳದಲ್ಲಿ ಪರ್ಚ್‌ಗಳ ಹಿಂಡು ಗಡ್ಡೆಯಡಿ ಹಾದು ಹೋಗುವಾಗ ನಿಮಗೆ ಸಿಗುವುದು ಒಂದೆರಡು ನಿಮಿಷ. ಸೀಸ ತಳ ಮುಟ್ಟುವಷ್ಟರಲ್ಲಿ ಹಿಂಡು ಮುಂದಿನವರ ರಂಧ್ರದ ಕೆಳಗಿರುತ್ತದೆ. ಇದನ್ನು ಕಲಿಯಲು ನನಗೆ ಎರಡು ಚಳಿಗಾಲ ಮತ್ತು ಕಸದ ಬುಟ್ಟಿ ಸೇರಿದ ನೂರಕ್ಕೂ ಹೆಚ್ಚು ಸೀಸದ ಜಿಗ್‌ಗಳು ಬೇಕಾದವು.

ಟಂಗ್‌ಸ್ಟನ್‌ನಲ್ಲೂ ಮೋಸವಿಲ್ಲವೆಂದಲ್ಲ. ಒಂದು ತಯಾರಕರ ಆರು ಜಿಗ್‌ಗಳಲ್ಲಿ ಮೂರಕ್ಕೆ ದಾರ ಪೋಣಿಸುವ ಕಣ್ಣು ಬಣ್ಣದಿಂದ ಮುಚ್ಚಿಹೋಗಿತ್ತು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ, ಕೈಗವಸು ತೆಗೆದು, ಇನ್ನೊಂದು ಜಿಗ್‌ನ ಮೊನೆಯಿಂದ ಆ ಬಣ್ಣವನ್ನು ಕೆರೆಯುತ್ತ ಕುಳಿತ ಇಪ್ಪತ್ತು ನಿಮಿಷಗಳಿಗೆ ಯಾರೂ ಪರಿಹಾರ ಕೊಡಲಿಲ್ಲ.

ಶಿಂಷಾ ತೀರದವ (ಡುಲೂತ್, ಮಿನ್ನೆಸೋಟ)

ಕೇಳಿದವರು ಹದಿನೈದು ಅಡಿ ಎಂದರೆ ನೀವು ಅರವತ್ತು ಅಡಿಯ ಪುರಾಣ ಹೇಳುತ್ತಿದ್ದೀರಿ, ಸ್ವಾಮಿ. ಹದಿನೈದು ಅಡಿಯಲ್ಲಿ ಸೀಸಕ್ಕೂ ಟಂಗ್‌ಸ್ಟನ್‌ಗೂ ಇರುವ ವ್ಯತ್ಯಾಸ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು.

ನಮ್ಮ ತಾತ ಕಾವೇರಿ ದಡದಲ್ಲಿ ರಾಗಿ ಹಿಟ್ಟಿನ ಉಂಡೆಯನ್ನು ಬೇಯಿಸಿ, ನಿಂಬೆಗಾತ್ರಕ್ಕೆ ಕಟ್ಟಿ, ಗಾಳಕ್ಕೆ ಮೆತ್ತಿ ಬಿಳಿಮೀನು ಹಿಡಿದವರು. ಅಭಯಾರಣ್ಯದೊಳಗೆ ಈಗ ಅದಕ್ಕೆ ಅವಕಾಶವಿಲ್ಲ, ಇರಬಾರದು ಕೂಡ. ನಾನು ಹೇಳುವುದಿಷ್ಟೆ: ಮೀನಿಗೆ ಬೇಕಾದದ್ದು ಆಹಾರದ ವಾಸನೆ, ನಿಮ್ಮ ಬಿಲ್ಲಿನ ಮೊತ್ತವಲ್ಲ. ಸೊನ್ನೆಯ ಆಸುಪಾಸಿನ ನೀರಿನಲ್ಲಿ ಮೀನಿನ ಮೈ ಮಂದವಾಗಿರುತ್ತದೆ, ಅದು ಬೆನ್ನಟ್ಟಿ ತಿನ್ನುವ ಮನಸ್ಸಿನಲ್ಲಿರುವುದಿಲ್ಲ. ನಲವತ್ತು ಸೆಂಟಿನ ಗಾಳ, ಅದಕ್ಕೊಂದು ಮಿನ್ನೊ ಮೀನಿನ ತಲೆ, ಅಲುಗಾಡಿಸದ ಕೈ, ಇಷ್ಟರಿಂದಲೇ ಏಳು ವರ್ಷ ಮನೆಯಲ್ಲಿ ಸಾರು ಮಾಡಿಸಿದ್ದೇನೆ. ಒಮ್ಮೆ ಮಾತ್ರ ಹೆಂಡತಿ ಹುಟ್ಟುಹಬ್ಬಕ್ಕೆಂದು ಹದಿನಾಲ್ಕು ಡಾಲರಿನ ಚಿನ್ನದ ಬಣ್ಣದ ಸ್ಪೂನ್ ಲ್ಯೂರ್ ಕೊಡಿಸಿದಳು. ಎರಡನೇ ಬಾರಿಗೆ ಇಳಿಸುವಾಗ, ದಾರಕ್ಕೆ ಲ್ಯೂರ್ ಸಿಕ್ಕಿಸುವ ಸ್ನ್ಯಾಪ್ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ, ಅದು ತಾನೇ ಬಿಚ್ಚಿಕೊಂಡು ಮಿನುಗುತ್ತ ಇಳಿದು ಹೋದದ್ದನ್ನು ನೋಡುತ್ತ ಕುಳಿತೆ. ಮನೆಗೆ ಬಂದು, ಚೆನ್ನಾಗಿ ಕೆಲಸ ಮಾಡಿತು ಎಂದು ಹೇಳಿದೆ. ಅವಳು ಇನ್ನೂ ಎರಡು ತಂದಳು.

ಮಿಲ್ ಲ್ಯಾಕ್ಸ್ ಸಂತ್ರಸ್ತ

ಗಂಟನ್ನು ಉಗುಳು ಹಚ್ಚಿಯೇ ಬಿಗಿದಿದ್ದೆ. ಅಲ್ಲಿ ಹಾಜರಿಲ್ಲದವರು ತೀರ್ಪು ಕೊಡುವುದು ಬೇಡ. ಮಿಲ್ ಲ್ಯಾಕ್ಸ್‌ನ ಕಲ್ಲುಗಳ ಮೇಲೆ ಜೀಬ್ರಾ ಮಸೆಲ್ ಚಿಪ್ಪುಗಳಿವೆ, ದಾರ ಅದಕ್ಕೆ ಒಮ್ಮೆ ಉಜ್ಜಿದರೆ ಸಾಕು, ಆಮೇಲೆ ಅದು ತುಂಡಾಗುವುದು ಎಲ್ಲೆಂದು ಕೇಳಬೇಕಾಗಿಲ್ಲ.

ಮಲ್ಪೆಯ ಮೊಮ್ಮಗ (ವಿನಿಪೆಗ್, ಮ್ಯಾನಿಟೋಬಾ)

ನೀವೆಲ್ಲ ಅಮೆರಿಕದ ಬೆಲೆಯಲ್ಲಿ ಅಳುತ್ತಿದ್ದೀರಿ. ಇಲ್ಲಿ 14 ಡಾಲರ್ 99 ಸೆಂಟಿನ ಲ್ಯೂರ್‌ಗೆ ಎರಡು ತೆರಿಗೆಗಳು ಸೇರಿ 12 ಶೇಕಡಾ ಏರಿ 16 ಡಾಲರ್ 79 ಸೆಂಟ್ ಆಗುತ್ತದೆ. ಅದಾದ ಮೇಲೆ ಈ ಪ್ರಾಂತ್ಯದ ನಿಯಮದಂತೆ ಕೊಕ್ಕೆಗಳಿಗೆ ಮೀನು ಜಾರದಂತೆ ತಡೆಯುವ ಹಿಮ್ಮುಳ್ಳು ಇರಕೂಡದು, ಹಾಗಾಗಿ ಹೊಸ ಲ್ಯೂರ್‌ನ ಪ್ರತಿಯೊಂದು ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಡಚಬೇಕು. ಜಿಗ್ಗಿಂಗ್ ಲ್ಯೂರ್ ಒಂದರಲ್ಲಿ ಮುಂದೊಂದು, ಹಿಂದೊಂದು, ಹೊಟ್ಟೆಗೆ ಮೂರು, ಒಟ್ಟು ಐದು ಮುಳ್ಳು. ಮೊದಲ ವರ್ಷ ನಾನು ಬುದ್ಧಿವಂತಿಕೆಯಿಂದ ಆ ಕೆಲಸವನ್ನು ವಿನಿಪೆಗ್ ಸರೋವರದ ಮೇಲೆ, ಸೊನ್ನೆಗಿಂತ 28 ಡಿಗ್ರಿ ಕೆಳಗೆ ಮಾಡಲು ಹೊರಟೆ. ಎರಡನೇ ಮುಳ್ಳಿಗೆ ಟಿಕ್ ಎಂದು ಸದ್ದಾಯಿತು, ಕೈಯಲ್ಲಿ ಮೊನೆಯಿಲ್ಲದ ಕೊಕ್ಕೆ ಉಳಿಯಿತು. ನಮ್ಮ ಅಜ್ಜ ಬಲೆಯನ್ನು ಮನೆಯ ಜಗಲಿಯಲ್ಲೇ ಸರಿ ಮಾಡಿಕೊಂಡು ಕಡಲಿಗೆ ಹೋಗುತ್ತಿದ್ದರು. ಅವರ ಮೊಮ್ಮಗನಿಗೆ ಅಷ್ಟು ತಿಳಿಯದೆ ಹೋಯಿತು. ಈಗ ನವೆಂಬರಿನಲ್ಲೇ ಅಡುಗೆಮನೆಯ ಮೇಜಿನ ಮೇಲೆ ಎಲ್ಲವನ್ನೂ ಮುಗಿಸುತ್ತೇನೆ.

ಇದೆಲ್ಲದರ ನಂತರವೂ ಇಲ್ಲಿನ ವಾಲ್‌ಐಗೆ ನಾನು ದೊಡ್ಡ, ಗಲಗಲ ಸದ್ದು ಮಾಡುವ ದುಬಾರಿ ಲ್ಯೂರ್ ಅನ್ನೇ ಇಳಿಸುತ್ತೇನೆ. ಕಲಕಿದ ನೀರಿನಲ್ಲಿ ಮಿನ್ನೊ ತಲೆಯನ್ನು ಹುಡುಕಿಕೊಂಡು ಬರಲಿ ಎಂದು ಅಲುಗದೆ ಕೂರುವವರು ಡುಲೂತ್‌ನಲ್ಲಿ ಕೂತುಕೊಳ್ಳಲಿ.

ಶಿಂಷಾ ತೀರದವ

ಕೂರುತ್ತೇನೆ, ಖಂಡಿತ. 16 ಡಾಲರ್ 79 ಸೆಂಟನ್ನು ಕೊಟ್ಟು ಅದರ ಮುಳ್ಳನ್ನು ಮುರಿಯುವವರು ನನಗೆ ಮಿತವ್ಯಯದ ಪಾಠ ಹೇಳುವ ಕಾಲ ಬಂತು.

ಔಲು ನಿವಾಸಿ (ಫಿನ್‌ಲೆಂಡ್)

ನಾನಿರುವ ದೇಶದಲ್ಲಿ ಇದಕ್ಕೆ ಪಿಲ್ಕಿ ಎನ್ನುತ್ತಾರೆ, ಗಡ್ಡೆಯ ಮೇಲೆ ಸಾದಾ ಪಿಲ್ಕಿ ಹಾಕಲು ಸಾಮಾನ್ಯವಾಗಿ ಪರವಾನಗಿ ಶುಲ್ಕವೂ ಇಲ್ಲ. ಮಾರ್ಚ್ ತಿಂಗಳ ಬಿಸಿಲಿಗೆ ಬೆನ್ನು ಕೊಟ್ಟು, ಗೇಣುದ್ದದ ಕೋಲು ಹಿಡಿದು ಕುಳಿತಿರುವ ಎಪ್ಪತ್ತು ದಾಟಿದ ಅಜ್ಜಂದಿರನ್ನು ನೋಡಿ ನಾನು ಕಲಿತವನು. ಅವರ ಡಬ್ಬಿಯಲ್ಲಿ ಮೂರೋ ನಾಲ್ಕೋ ಲ್ಯೂರ್ ಇರುತ್ತವೆ, ಬಣ್ಣವೆಲ್ಲ ಹೋಗಿ ಹಿತ್ತಾಳೆ ಕಾಣುತ್ತಿರುತ್ತದೆ. ನೀವು ಹತ್ತು ಡಾಲರ್ ಕೊಡುವ ಹೆಸರಿನ ಹಿಂದಿರುವ ಲೌರಿ ರಾಪಾಲ ತಮ್ಮ ಮೊದಲ ಲ್ಯೂರ್ ಅನ್ನು 1936ರಲ್ಲಿ ಬೆಂಡಿನಿಂದ ಕೆತ್ತಿ, ಚಾಕೊಲೇಟಿನ ಹೊಳೆಯುವ ಹಾಳೆ ಸುತ್ತಿ, ಕರಗಿಸಿದ ಫೋಟೊ ನೆಗೆಟಿವ್ ಲೇಪಿಸಿ ಮಾಡಿದರು. ಅದಕ್ಕೆ ಎಷ್ಟು ಖರ್ಚಾಗಿದ್ದೀತು ಎಂದು ಯೋಚಿಸಿ.

ನನ್ನದೇ ಹೇಳುವುದಾದರೆ, ಮೊದಲ ಚಳಿಗಾಲದಲ್ಲಿ 120 ಯೂರೊ ಚೆಲ್ಲಿ ಹದಿನಾಲ್ಕು ಬಣ್ಣ ಕೊಂಡೆ. ಒದ್ದೆಯಾಗಿಯೇ ಡಬ್ಬಿ ಮುಚ್ಚಿ ಬೇಸಿಗೆಯಿಡೀ ಕಪಾಟಿನಲ್ಲಿಟ್ಟಿದ್ದರಿಂದ, ತೆರೆದು ನೋಡಿದರೆ ಉಂಗುರ, ಕೊಕ್ಕೆಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಒಂದೇ ಉಂಡೆಯಾಗಿದ್ದವು. ಆ ಉಂಡೆ ಇಂದಿಗೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

ಮಿಲ್ ಲ್ಯಾಕ್ಸ್ ಸಂತ್ರಸ್ತ

1936ರದು ತೇಲುವ ಲ್ಯೂರ್, ತೆರೆದ ನೀರಿನಲ್ಲಿ ಎಳೆಯುವಂಥದ್ದು. ಗಡ್ಡೆಯಡಿ ಇಳಿಸುವ ಲೋಹದ ಲ್ಯೂರ್ ಅದಲ್ಲ. ಬೆಂಡನ್ನು ರಂಧ್ರಕ್ಕೆ ಹಾಕಿದರೆ ಅದು ನಿಮ್ಮ ಮುಖವನ್ನೇ ನೋಡುತ್ತ ಮೇಲೆ ಕೂರುತ್ತದೆ. ಸ್ವಾರಸ್ಯದ ಕಥೆಗಳನ್ನು ಪ್ರಮಾಣವಾಗಿ ತರುವ ಮುನ್ನ ಇಷ್ಟಾದರೂ ನೋಡಿಕೊಳ್ಳಬೇಕು.

ಔಲು ನಿವಾಸಿ

ನಾನು ಹೇಳಿದ್ದು ಖರ್ಚಿನ ವಿಚಾರ, ತೇಲುವಿಕೆಯದ್ದಲ್ಲ. 371 ಡಾಲರಿನ ನೋವು ನನಗೆ ಅರ್ಥವಾಗುತ್ತದೆ.

ಟಂಗ್‌ಸ್ಟನ್ ಪಕ್ಷಪಾತಿ

ನಲವತ್ತು ಸೆಂಟಿನವರೂ ಏಳು ಡಾಲರಿನ ಪೊಟ್ಟಣದವರೂ ಒಂದು ಖರ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ. ದಾರ ತುಂಡಾದಾಗಲೆಲ್ಲ ಸೀಸ ತಳದಲ್ಲಿ ಉಳಿಯುತ್ತದೆ. ಮಿನ್ನೆಸೋಟ ತನ್ನ ರಾಜ್ಯಪಕ್ಷಿ ಎಂದು ಕರೆಯುವ ಲೂನ್ ಅದನ್ನು ನುಂಗಿ ವಿಷವೇರಿ ಸಾಯುತ್ತದೆ. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಒಂದು ಔನ್ಸ್ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್ ಬಳಸುವಂತೆಯೇ ಇಲ್ಲ, ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಮಿಗಿಂತ ಕಡಿಮೆಯವು ನಿಷಿದ್ಧ.

ಶಿಂಷಾ ತೀರದವ

ಚಳಿಗಾಲದಲ್ಲಿ ಲೂನ್ ಇಲ್ಲಿರುತ್ತದೆಯೇ? ಗಡ್ಡೆ ಕಟ್ಟುವ ಮೊದಲೇ ಅದು ಕಡಲತೀರಕ್ಕೆ ಹಾರಿಹೋಗಿರುತ್ತದೆ. ನಿಮ್ಮ ಐದು ಡಾಲರಿನ ಕಾಳಿಗೆ ಪಾಪದ ಪಕ್ಷಿಯನ್ನು ಸಾಕ್ಷಿ ಕರೆಯಬೇಡಿ. ಅಲ್ಲದೆ ನನ್ನದು ಬರೀ ಗಾಳ, ಸೀಸದ ಜಿಗ್ ಅಲ್ಲ.

ಟಂಗ್‌ಸ್ಟನ್ ಪಕ್ಷಪಾತಿ

ಪಕ್ಷಿ ಹಾರಿಹೋಗುತ್ತದೆ, ಸೀಸ ಹಾರುವುದಿಲ್ಲ. ವಸಂತದಲ್ಲಿ ಮರಳಿ ಬಂದು, ಆಹಾರ ಅರೆಯಲೆಂದು ತಳದ ಹರಳುಕಲ್ಲುಗಳನ್ನು ನುಂಗುವಾಗ ಅದರ ಜೊತೆ ನಿಮ್ಮ ಜನವರಿಯ ಸೀಸವೂ ಹೊಟ್ಟೆ ಸೇರುತ್ತದೆ. ಬರೀ ಗಾಳವಾದರೆ ಅದು ತಳಕ್ಕಿಳಿಯಲು ದಾರಕ್ಕೆ ಏನು ಕಚ್ಚಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಶಿಂಷಾ ತೀರದವ

ಸೀಸದ ಕಾಳು. ಒಂದೇ ಒಂದು. ಮುಂದಿನ ಬಾರಿ ತವರದ್ದು ತರುತ್ತೇನೆ, ಆದರೆ ನೀವು ಹೇಳಿದಿರಿ ಎಂದಲ್ಲ.

ಹೊಸ ಗಾಳ

ಎಲ್ಲರಿಗೂ ಧನ್ಯವಾದ. ಹದಿನೈದು ಅಡಿಯ ಬಗ್ಗೆ ಒಬ್ಬರು ಒಂದು ವಾಕ್ಯ ಬರೆದಿದ್ದೀರಿ, ಅದನ್ನು ಗುರುತು ಹಾಕಿಕೊಂಡಿದ್ದೇನೆ. ನಿನ್ನೆ ಎರಡು ಜಿಗ್ಗಿಂಗ್ ರ‍್ಯಾಪ್, ಮೂರು ಟಂಗ್‌ಸ್ಟನ್ ಜಿಗ್ ಮತ್ತು ಸಾದಾ ಗಾಳಗಳ ಒಂದು ಪೊಟ್ಟಣ ತಂದೆ. ಉಳಿದ ಹಣ ಮಿನ್ನೊಗಳಿಗಿರಲಿ. ಕೆರೆ ಇನ್ನೂ ಗಟ್ಟಿಯಾಗಿಲ್ಲ: ಬೆಳಿಗ್ಗೆ ದಡದಲ್ಲೇ ನಿಂತು ಬೈರಿಗೆ ಚಾಚಿ ಕೊರೆದರೆ ಎರಡೂವರೆ ಇಂಚು ಬಂತು. ನಾಲ್ಕು ಇಂಚಿಗೆ ಕಾಯುತ್ತಿದ್ದೇನೆ.

ಮಿಲ್ ಲ್ಯಾಕ್ಸ್ ಸಂತ್ರಸ್ತ

ರ‍್ಯಾಪ್‌ನ ಬಣ್ಣ ಯಾವುದು ತೆಗೆದುಕೊಂಡಿರಿ? ಕಿತ್ತಳೆ ಬೆನ್ನಿನದಾದರೆ ಇಂದೇ ಹಿಂದಿರುಗಿಸಿ. ನಾನು ಆ ಸಂಜೆ ಕಳೆದುಕೊಂಡ ಮೂರೂ ಅದೇ.

ಟಂಗ್‌ಸ್ಟನ್ ಪಕ್ಷಪಾತಿ

ಬಣ್ಣ ಬಿಡಿ. ಜಿಗ್ ಎಷ್ಟು ಮಿಲಿಮೀಟರಿನದು, ಕಣ್ಣಿನ ಬಣ್ಣ ತೆಗೆದಿದ್ದೀರಾ?