ಪದ ಬೇಕಿದೆ: 'ಗೇಮಿಂಗ್ ಕರ್ಫ್ಯೂ'ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಿಗೆ ನಮಸ್ಕಾರ. ಆನ್‌ಲೈನ್ ಆಟಗಳಿಗೆ ಸರ್ಕಾರಗಳು ಹೇರಿದ ಕರ್ಫ್ಯೂ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಸಂಜೆಯೊಳಗೆ ಕಳಿಸಬೇಕು, ಪದ ಸಿಗುತ್ತಿಲ್ಲ. 'ನಿಷೇಧಾಜ್ಞೆ' ಹಾಕಿದರೆ 144ನೇ ಸೆಕ್ಷನ್ ಜಾರಿಯಾದಂತೆ ಕೇಳಿಸುತ್ತದೆ. 'ಆಟ ನಿಷೇಧ' ಅಂದರೆ ಆಟವೇ ಬಂದ್ ಅಂತಾಗುತ್ತದೆ. ಲೇಖನದ ಒತ್ತು ಮಕ್ಕಳ ಮೇಲಲ್ಲ, ನಡುವೆ ಸಿಕ್ಕಿಕೊಂಡ ದೊಡ್ಡವರ ಮೇಲೆ. 2003ರ ಜುಲೈನಲ್ಲಿ ಥಾಯ್ಲೆಂಡ್ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗೇಮ್ ಸರ್ವರ್‌ಗಳನ್ನೇ ತಡೆಯಲು ಹೊರಟಿತಲ್ಲ, ಪಾಳಿ ಮುಗಿಸಿ ಬಂದು ಆಡಲು ಕೂರುವವನಿಗೆ ಉಳಿಯುವ ಹೊತ್ತು ಅದೊಂದೇ. ಇದನ್ನು ಹಿಡಿಯುವ ಪದ ಯಾವುದಾದರೂ ಇದೆಯೇ?

---

ಮರು:

ಮೊದಲು ಮೂಲ ನೋಡಿ. ಕರ್ಫ್ಯೂ ಹಳೆಯ ಫ್ರೆಂಚಿನಿಂದ ಬಂದದ್ದು, 'ಬೆಂಕಿ ಮುಚ್ಚು' ಎಂದು ಅರ್ಥ. ಸಂಜೆ ಗಂಟೆ ಬಾರಿಸಿದಾಗ ಒಲೆಯ ಕೆಂಡ ಮುಚ್ಚಿ ಮಲಗಬೇಕಿತ್ತು. ಜನ ಬೀದಿಗೆ ಬರಬಾರದು ಎನ್ನುವ ಅರ್ಥ ಆಮೇಲೆ ಅಂಟಿಕೊಂಡದ್ದು. ನಿಷೇಧ, ಆಜ್ಞೆ, ನಿರ್ಬಂಧ ಎಲ್ಲ ಸಂಸ್ಕೃತದ ಸಾಲ. ನಮ್ಮಲ್ಲಿ ತಡೆ, ಕಟ್ಟು, ಮುಚ್ಚು ಬೇಕಾದಷ್ಟಿವೆ. 'ಕೆಂಡಮುಚ್ಚು' ಎನ್ನಿ. ನಾಲ್ಕು ದಿನ ಬಳಸಿದರೆ ನಾಲಿಗೆಗೆ ಒಗ್ಗುತ್ತದೆ.

---

ಮರು: ಮರು:

> 'ಕೆಂಡಮುಚ್ಚು' ಎನ್ನಿ.

ಓದಿದವರು ಕೊಂಡ ಹಾಯುವ ಸುದ್ದಿ ಅಂದುಕೊಳ್ಳುತ್ತಾರೆ. ಕರ್ಫ್ಯೂ ಈಗ ಕನ್ನಡದ್ದೇ ಪದ, ವಿಭಕ್ತಿ ಹತ್ತುತ್ತದೆ, ಅಜ್ಜಿಗೂ ಅರ್ಥವಾಗುತ್ತದೆ. ಮುಗಿಯಿತು.

---

ಮರು: ಮರು:

ಮುಗಿದಿಲ್ಲ ಸರ್. ಅಜ್ಜಿಗೆ ಅರ್ಥವಾಗುವ ಕರ್ಫ್ಯೂ ಊರಿಗೆಲ್ಲ ಒಂದೇ. ಇದು ಹಾಗಲ್ಲ. ನಾನು ರಾತ್ರಿಪಾಳಿಯವನು, ಆಡುವವನೂ ಹೌದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ದಕ್ಷಿಣ ಕೊರಿಯಾ 2011ರ ನವೆಂಬರ್‌ನಿಂದ 16 ತುಂಬದವರಿಗೆ ನಡುರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಆಟ ಮುಚ್ಚಿತು. ಮಕ್ಕಳು ಅಪ್ಪ ಅಮ್ಮನ ನೋಂದಣಿ ಸಂಖ್ಯೆ ಹಾಕಿ ಒಳಗೆ ನುಗ್ಗಿದರು. 2022ರ ಜನವರಿಯಿಂದ ಆ ನಿಯಮವೇ ಹೋಯಿತು. ಚೀನಾದಲ್ಲಿ 2021ರ ಸೆಪ್ಟೆಂಬರ್‌ನಿಂದ 18 ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9, ಅಷ್ಟೇ. ಇಲ್ಲಿ ಮುಚ್ಚಿದ ಹೊತ್ತಿಗಲ್ಲ, ತೆರೆದ ಹೊತ್ತಿಗೆ ಹೆಸರಿಡಬೇಕು! ಹಾಗಾಗಿ 'ಇರುಳುತಡೆ' ನಡೆಯದು. 'ಕಾಲಮಿತಿ'ಯೂ ಒಗ್ಗದು: ಕಾಲಮಿತಿ ಯಕ್ಷಗಾನ ಅಂದಾಗ ಎಷ್ಟು ಹೊತ್ತು ಎನ್ನುವುದು ಮುಖ್ಯ, ಇಲ್ಲಿ ಯಾವ ಹೊತ್ತು ಎನ್ನುವುದೂ ಸೇರಬೇಕು.

ದೊಡ್ಡವರ ಪಾಡು ಬೇರೆ. ಚೀನಾದ ಗೇಮ್ ಕಂಪನಿ ಟೆನ್ಸೆಂಟ್ 2021ರಲ್ಲಿ ರಾತ್ರಿ ಹೊತ್ತು ಆಡುವವರ ಮುಖ ಸ್ಕ್ಯಾನ್ ಮಾಡತೊಡಗಿತು. ಖಾತೆ ವಯಸ್ಕರ ಹೆಸರಿನಲ್ಲಿದ್ದರೂ ಸರಿ, ಮುಖ ತೋರಿಸದಿದ್ದರೆ ನೀವು ಮಗು, ಹೊರಗೆ ನಡೆಯಿರಿ. ತಡೆ ಇರುವುದು ಮಕ್ಕಳಿಗೆ, ಪುರಾವೆ ಕೊಡಬೇಕಾದವರು ನಾವು. ಕರ್ಫ್ಯೂ ಪಾಸ್ ಇದ್ದಂತೆ. ತಮಿಳುನಾಡಿನದು ಇನ್ನೂ ಸೋಜಿಗ. 2025ರ ನಿಯಮಗಳಲ್ಲಿ ಹಣ ಕಟ್ಟುವ ಆಟಗಳಿಗೆ 18 ತುಂಬದವರು ಬರುವಂತೆಯೇ ಇಲ್ಲ. ಮೇಲೆ ರಾತ್ರಿ 12ರಿಂದ 5ರವರೆಗೆ 'ಬ್ಲಾಂಕ್ ಅವರ್ಸ್', ಆಗ ಯಾರೂ ಆಡುವಂತಿಲ್ಲ. ಅಂದರೆ ಆ ತಡೆ ಶುದ್ಧ ವಯಸ್ಕರದ್ದು! ಮದ್ರಾಸ್ ಹೈಕೋರ್ಟ್ ಜೂನ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಹಣದ ಆಟಗಳನ್ನೇ ನಿಲ್ಲಿಸಿತು. 'ನಿಷೇಧ' ಪದವನ್ನು ಅದಕ್ಕೆ ಎತ್ತಿಡಿ.

ನನ್ನ ಸಲಹೆ: 'ಹೊತ್ತುತಡೆ'. ಯಾರಿಗೆ ಅನ್ನುವುದನ್ನು ಪ್ರತಿಸಲ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ 'ಆಟಗಾರ' ಅಂದಕೂಡಲೇ ಓದುಗರ ಕಣ್ಣಿಗೆ ಹುಡುಗನೇ ಬರುತ್ತಾನೆ.

---

ಮರು: ಮರು:

ಸಮಾಸವಾದರೆ ತಕಾರಕ್ಕೆ ದಕಾರ ಬರಬೇಡವೇ? ಬೆಟ್ಟದಾವರೆಯಂತೆ 'ಹೊತ್ತುದಡೆ'.

---

ಮರು: ಮರು:

ಅಡೆತಡೆ ಯಾವಾಗ ಅಡೆದಡೆ ಆಯಿತು?

---

ಮರು: ಮರು:

ಅದು ಜೋಡುನುಡಿ. ಜೋಡುನುಡಿಯನ್ನು ತಂದು ಸಮಾಸಕ್ಕೆ ಸಾಕ್ಷಿ ಹೇಳಿಸುವವರ ಜತೆ ವಾದ ಬೇಡ.

---

ಮರು: ಮರು:

ನಡುವೆ ಬಾಯಿ ಹಾಕುತ್ತೇನೆ. ನಾಕಾಬಂದಿ ಇದೆ, ನೋಟುಬಂದಿ ಬಂತು, 'ಆಟಬಂದಿ' ಯಾಕಾಗಬಾರದು?

---

ಮರು: ಮರು:

ಬಂದಿ ಫಾರ್ಸಿ. ಕನ್ನಡದವರಿಗೆ ಬಂದಿ ಅಂದರೆ ಸೆರೆಯಾಳು. ಸಂಸ್ಕೃತ ಬೇಡವೆಂದು ಫಾರ್ಸಿಯ ಮನೆಗೆ ಕಡ ಕೇಳಲು ಹೋಗುವುದು ಯಾವ ಕನ್ನಡತನ?

---

ಮರು: ಮರು:

'ಸರ್ಕಾರ', 'ಕಾನೂನು', 'ಜಾರಿ' ಮೂರೂ ಅದೇ ಮನೆಯಿಂದಲೇ ಬಂದವು. ಅವನ್ನು ಬಿಟ್ಟು ಈ ಲೇಖನದ ಮೊದಲ ವಾಕ್ಯ ಬರೆದು ತೋರಿಸಿ. 'ಕೆಂಡಮುಚ್ಚು'ವಂತೂ ಫ್ರೆಂಚನ್ನೇ ಕನ್ನಡ ಅಕ್ಷರದಲ್ಲಿ ಬರೆದದ್ದು.

---

ಮರು: ಮರು:

ಎಲ್ಲರಿಗೂ ಧನ್ಯವಾದ, ಕಳಿಸಿಬಿಟ್ಟೆ. ತಲೆಬರಹಕ್ಕೆ 'ಗೇಮಿಂಗ್ ಕರ್ಫ್ಯೂ', ಒಳಗೆಲ್ಲ 'ಹೊತ್ತುತಡೆ', ತಕಾರದಲ್ಲೇ. 'ಬ್ಲಾಂಕ್ ಅವರ್ಸ್'ಗೆ 'ಖಾಲಿ ಗಂಟೆಗಳು' ಬರೆದು ಹೊಡೆದುಹಾಕಿದೆ. ಶಾಲೆಯ ಆಟದ ಪೀರಿಯಡ್ ನೆನಪಾಯಿತು, ಅರ್ಥ ತಲೆಕೆಳಗು! 'ಆಡಬಾರದ ಹೊತ್ತು' ಅಂತ ಇಟ್ಟಿದ್ದೇನೆ.

---

ಮರು: ಮರು:

ಒಂದೇ ಬರಹದಲ್ಲಿ ಒಂದೇ ವಸ್ತುವಿಗೆ ಮೂರು ಹೆಸರು. ದಕಾರದ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ.