ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕರಿಂಡಿ ಬಡಿಸಿದರೆ ಏನು ಮಾಡಲಿ?

ಕೇಳಿದವರು, ಮಂಡ್ಯದಿಂದ ವಿಜಯಪುರಕ್ಕೆ ಬಂದವರು:

ಮದುವೆಯಾಗಿ ಎಂಟು ತಿಂಗಳು. ಗಂಡನ ಊರು ಬೀಳಗಿ ಕಡೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲೋಕೆ, ಅಂದ್ರೆ ಪೂಜೆ ಮಾಡಿ ಬೆಳೆಗೆ ಎಡೆ ಚೆಲ್ಲೋಕೆ, ನಲವತ್ತು ಜನ ಹೊಲಕ್ಕೆ ಹೋಗ್ತೀವಂತೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲಾ ನನಗೆ ಇಷ್ಟನೇ. ಹಸಿ ತರಕಾರಿ ಹುಳಿ ಬರಿಸಿ ಮಾಡೋ ಕರಿಂಡಿ ಒಂದೇ ಆಗಲ್ಲ. ದೀಪಾವಳಿ ಆದ್ಮೇಲೆ ಅತ್ತೆ ಒಂದು ಸಲ ಬಡಿಸಿದ್ರು. ಬೆರಳಲ್ಲಿ ಎತ್ತಿದರೆ ದಾರದ ಥರ ಎಳೆ ಬರುತ್ತೆ, ಘಾಟು ಸೀದಾ ನೆತ್ತಿಗೇರುತ್ತೆ. ನೀರು ಕುಡಿದು ಹೇಗೋ ನುಂಗಿದೆ. ಈ ಸಲ ಎಲ್ಲರೂ ಸುತ್ತ ಕೂತು "ಹೊಸ ಸೊಸಿಗಿ ಇನ್ನೊಂದೀಟು ಹಾಕ್ರಿ" ಅಂತಾರೆ. ಅತ್ತೆ ಮನಸ್ಸು ನೋಯಿಸದೆ ತಪ್ಪಿಸಿಕೊಳ್ಳೋದು ಹೇಗೆ? ಇಂಥದ್ದರಲ್ಲಿ ಸಿಕ್ಕಿಹಾಕಿಕೊಂಡವರು ಇದ್ದರೆ ಹೇಳಿ.

ಬಾಗಲಕೋಟಿಯಿಂದ:

ತಂಗಿ, ಏನರ ಮಾಡು, "ಭಾಳ ಛಲೋ ಆಗೇತ್ರಿ" ಅಂತ ಸುಳ್ಳು ಮಾತ್ರ ಹೇಳಬ್ಯಾಡ. ನಾ ಹೇಳಿ ಕೆಟ್ಟಾಕಿ. ನಮ್ಮ ತವರಮನ್ಯಾಗ ದನಾ-ಎಮ್ಮಿ ಇರಲಿಲ್ಲ, ಗಿಣ್ಣ ಅಂದ್ರೇನಂತ ಗೊತ್ತಿರಲಿಲ್ಲ. ಮದುವಿ ಆದ ವರ್ಷ ಅತ್ತಿ ಮನ್ಯಾಗ ಎಮ್ಮಿ ಈಯ್ತು. ಈದ ಮೊದಲ ದಿನದ ಹಾಲು ಭಾಳ ದಪ್ಪ, ಕಾವು ತಾಕಿದ್ರ ಸಾಕು, ತಾನ ಗಡ್ಡಿ ಕಟ್ಟತೈತಿ. ಬೆಲ್ಲಾ, ಯಾಲಕ್ಕಿ ಹಾಕಿ ತಾಟಿನಾಗ ಕೊಟ್ರು. ಮನಿಮಂದಿ ಎಲ್ಲಾ ಬಾಯಿ ಚಪ್ಪರಿಸಿ ತಿಂದ್ರು, ನನಗ ಹಸಿ ಹಾಲಿನ ವಾಸನಿ ಮೂಗಿನಾಗ ಕುಂತಬಿಟ್ಟಿತು. ಅತ್ತಿ ಮಾರಿ ನೋಡಿದ್ರು. ಛಲೋ ಆಗೇತ್ರಿ ಅಂದೆ. ಮುಗೀತು. ಇಪ್ಪತ್ತೆರಡು ವರ್ಷ ಆತು, ಓಣ್ಯಾಗ ಯಾರ ಎಮ್ಮಿ ಈದ್ರೂ ಮೊದಲ ಚರಗಿ ನಮ್ಮ ಬಾಗಿಲಿಗೆ. ಅತ್ತಿ ತೀರಿಕೊಂಡ ಮ್ಯಾಲೂ ನಿಂತಿಲ್ಲ. ಓಣಿ ಮಂದಿಗೆಲ್ಲಾ ಹೇಳಿಟ್ಟು ಹೋಗ್ಯಾರ.

ಇನ್ನ ಕರಿಂಡಿ. ಅದು ಕೆಟ್ಟಿದ್ದಲ್ಲ, ಹುಳಿ ಬರಿಸಿದ್ದು. ಸವತಿಕಾಯಿ, ಗಜ್ಜರಿ, ಎಳಿ ಬದನಿಕಾಯಿ ಸಣ್ಣಗ ಹೆಚ್ಚಿ, ಹಸಿಮೆಣಸಿನಕಾಯಿ ಜಜ್ಜಿ, ಅಗಸಿ ಪುಡಿ, ಸಾಸಿವಿ ಪುಡಿ, ಉಪ್ಪು ಕಲಸಿ ಗಡಿಗ್ಯಾಗ ನಾಕೈದು ದಿನಾ ಇಡತೀವಿ. ನೀ ಹೇಳೂ ಎಳಿ ಅಗಸಿ ಲೋಳಿದು. ನೆತ್ತಿಗೇರೂದು ಸಾಸಿವಿ. ಬರೇ ನಾಲಿಗಿಗಿ ಹಚ್ಚಿಕೊಂಡ್ರ ನನಗೂ ಆಗಂಗಿಲ್ಲ. ರೊಟ್ಟಿ ತುದಿಗೆ ಕಡ್ಲಿಕಾಳಿನಷ್ಟು ತಗೊಂಡು ಗಟ್ಟಿ ಮೊಸರಿನಾಗ ಅದ್ದಿ ನೋಡು. ಮ್ಯಾಲೆ ಎರಡು ಹನಿ ಕುಸುಬಿ ಎಣ್ಣಿ. ಆಗಲಿಲ್ಲಾ, "ಅತ್ತಿ, ಖಾರ ನನಗ ತಡಿಯಂಗಿಲ್ರಿ" ಅಂತ ಖರೇ ಹೇಳು. ಖಾರ ತಡಿಯಂಗಿಲ್ಲ ಅಂದಾಕಿ ಮ್ಯಾಲೆ ನಮ್ಮ ಕಡೆ ಯಾರೂ ಸಿಟ್ಟಾಗಂಗಿಲ್ಲ, ನಕ್ಕೋತಾರ ಅಷ್ಟ.

ವಿಜಯಪುರದಿಂದ:

ಖಾಲಿ ತಾಟ ಕಂಡ್ರ ಬಡಿಸೋರು ಬಿಡೂದಿಲ್ರಿ. ಅರ್ಧ ಹೋಳಿಗಿ ಕಡೀತನಕ ತಾಟಿನ್ಯಾಗ ಇಟ್ಟಗೋರಿ. ಅದಕಿಂತಾ ಛಲೋ ಉಪಾಯ, ನೀವ ಬಡಿಸಾಕ ನಿಂದರ್ರಿ. ಬಡಿಸಾಕಿ ತಾಟಿನ್ಯಾಗ ಏನದ ಅಂತ ಯಾರೂ ನೋಡೂದಿಲ್ಲ. ಹೊಸ ಸೊಸಿ ಓಡಾಡಿ ಬಡಿಸ್ಯಾಳ ಅಂತ ಹೆಸರೂ ಬರ್ತದ.

ಮುಧೋಳದಿಂದ:

ಉಪವಾಸ ಅಂತ ಮಾತ್ರ ನೆವಾ ಹೇಳಬ್ಯಾಡ್ರಿ. ನಾ ಒಂದು ಕಾರ್ಯಕ್ರಮದಾಗ "ಇವತ್ತ ಸೋಮವಾರ ಹಿಡಿದೇನಿ" ಅಂದೆ. ಹಿಂದ ನಮ್ಮ ಅತ್ತಿ ನಿಂತಿದ್ರು. ಆವತ್ತಿನಿಂದ ಸೋಮವಾರ ಬಂದ್ರ ನನಗ ಸಾಬೂದಾನಿನ ಗತಿ.

ಜಮಖಂಡಿಯಿಂದ:

ನೀವು ಮಂಡ್ಯದವರು ಅಂದ್ರಲ್ಲ, ನಮ್ಮ ಕಥಿ ಕೇಳ್ರಿ. ನಮ್ಮ ತಮ್ಮಗ ನಿಮ್ಮ ಕಡೀದ ಹೆಣ್ಣು ತಂದೇವಿ. ಬೀಗರ ಮನ್ಯಾಗ ಮೊದಲ ಊಟ. ರಾಗಿ ಮುದ್ದಿ ಬಂತು. ನಮ್ಮ ಕಾಕಾಂದು ಜ್ವಾಳದ ರೊಟ್ಟಿ ಉಂಡ ಹಲ್ಲು. ತುತ್ತು ಬಾಯಾಗ ಹಾಕ್ಕೊಂಡು ಅಗ್ಯಾಕ ಚಾಲೂ ಮಾಡಿದ. ಅಗದಾ, ಅಗದಾ. ಮ್ಯಾಲಿನ ಹಲ್ಲಿಗಿ ಮೆತ್ತಿಕೊಂಡಿದ್ದು ನಾಲಿಗಿಲೆ ಕೀಳಾಕ ನೋಡ್ತಾನ, ಬರವಲ್ದು. ಬೀಗರು ಎದುರಿಗೆ ನಿಂತು "ಹೇಗಿದೆ ಯಜಮಾನ್ರೇ" ಅಂತಾರ. ಬಾಯಿ ಬಿಡಾಕ ಬಂದ್ರಲ್ಲಾ ಮಾತಾಡೂದು? ಸಾಕು ಅಂತ ಎರಡೂ ಕೈ ಮುಗದ. ಅವರು ಮೆಚ್ಚಿಗಿ ಆತು ಅಂತ ತಿಳಕೊಂಡು ಇನ್ನೊಂದು ಮುದ್ದಿ ಇಟ್ರು. ಅದನ್ನ ಅಗೀಬಾರದು, ಸಾರಿನಾಗ ಅದ್ದಿ ಹಂಗ ನುಂಗಬೇಕು ಅಂತ ನಮಗ ಯಾರು ಹೇಳಬೇಕು?

ಆ ಬೀಗರು ನಮ್ಮಲ್ಲಿಗೆ ಬಂದಾಗ ರೊಟ್ಟಿ ಜೋಡಿ ಹಸಿ ಹಕ್ಕರಕಿ, ಮೆಂತ್ಯಾ, ಉಳ್ಳಾಗಡ್ಡಿ ತಪ್ಪಲಾ ಇಟ್ಟಿದ್ವಿ. ಮುಟ್ಟಲಿಲ್ಲ. ಒಲಿಗೆ ಹೋಗಬೇಕಾದ ಸೊಪ್ಪು ತಪ್ಪಿ ತಾಟಿಗೆ ಬಂದೈತಿ ಅಂತ ಅಂದುಕೊಂಡಿದ್ರಂತ.

ಬೆಳಗಾವಿಯಿಂದ:

ಮಾಡಿಕೊಂಡು ತರೋರ ಬಗ್ಗೆ ಯಾರೂ ಹೇಳಲಿಲ್ಲಲ್ಲ. 2023 ಸಿರಿಧಾನ್ಯ ವರ್ಷ ಅಂತ ಆದಾಗಿಂದ ನಮ್ಮ ವೈನಿ ಪ್ರತಿ ಕಾರ್ಯಕ್ರಮಕ್ಕ ನವಣಿ ಕೇಕ್ ತರ್ತಾರ. ಸಕ್ರಿ ಇಲ್ಲ, ಬೆಲ್ಲಾ ಇಲ್ಲ. ಖರ್ಜೂರ ಹಾಕೇನಿ ಅಂತಾರ, ನಮಗ ಇನ್ನೂ ಸಿಕ್ಕಿಲ್ಲ. ಹೋದ ಸಲ ಚಾಕು ನಡೀಲಿಲ್ಲ, ಈಳಗಿ ತಗದ್ವಿ. ಈ ವರ್ಷ ಮೊದ್ಲ ಫೋನ್ ಮಾಡಿ "ವೈನಿ, ನಿಮ್ಮ ಕೈ ಮಸಾಲಿ ಮಜ್ಜಿಗಿ ಆಗಬೇಕು" ಅಂದೆ. ಖುಷಿಲೆ ಒಪ್ಪಿದ್ರು. ಮಜ್ಜಿಗಿ ಖರೇನ ಛಲೋ ಮಾಡ್ತಾರ, ಅದು ಸುಳ್ಳಲ್ಲ.

ಆದ್ರ ಒಂದು ವಿಷಯದಾಗ ಯಾರ ಮುಲಾಜೂ ಇಟ್ಟಗೋಬ್ಯಾಡ್ರಿ. ನಮ್ಮ ತಂಗಿ ಕುಬಸಕ್ಕ, ಅಂದ್ರ ಸೀಮಂತಕ್ಕ, ಮೇ ತಿಂಗಳದಾಗ ಬುತ್ತಿ ಬಂತು. ರಾತ್ರಿ ಮಾಡಿದ ಅನ್ನಾ, ಬಿಸಿ ಇದ್ದಂಗ ಡಬ್ಬಿಗೆ ತುಂಬಿ ಮುಚ್ಚಳಾ ಬಿಗದಿದ್ರು. ಮರುದಿನ ಮಧ್ಯಾಹ್ನ ತಗದಾಗ ಅಂಟಂಟು, ಒಂಥರಾ ವಾಸನಿ. ಬುತ್ತಿ ತಂದವರ ಮಾರಿ ನೋಡಿ ನಾಕ ಮಂದಿ ಉಂಡ್ವಿ. ಇಬ್ಬರಿಗೆ ಸಲೈನ್ ಹಚ್ಚಿದ್ರು. ಕರಿಂಡಿಗೆ ಉಪ್ಪು, ಹುಳಿ ಕಾವಲು ಇರತಾವು, ಅನ್ನಕ್ಕ ಏನೂ ಇಲ್ಲ. ಅನ್ನದಾಗ ಬೆಳಿಯೋ ಒಂದು ಬ್ಯಾಕ್ಟೀರಿಯಾ ಬಿಡೋ ವಿಷ ಮತ್ತ ಬಿಸಿ ಮಾಡಿದ್ರೂ ಹೋಗಂಗಿಲ್ಲ. ಅಡಿಗಿ 60 ಡಿಗ್ರಿ ಮ್ಯಾಲೆ ಬಿಸಿ ಇರಬೇಕು, ಇಲ್ಲಾ ಫ್ರಿಜ್‌ನಾಗ ಇರಬೇಕು. ನಮ್ಮ ಕಡೆ ಬ್ಯಾಸಿಗಿ 40 ಡಿಗ್ರಿ, ಅಂದ್ರ ಆ ಬ್ಯಾಕ್ಟೀರಿಯಾಕ್ಕ ಬೇಕಾದಂಥ ಕಾವು. ಹಂಗಿದ್ದಾಗ ಬುತ್ತಿಗೆ ಕೈ ಮುಗದು ಬದೀಗಿ ಇಡ್ರಿ.

ಕೇಳಿದವರು:

ಬಡಿಸೋಕೆ ನಿಲ್ತೀನಿ, ಅತ್ತೆಗೆ ಖಾರದ ವಿಷಯ ಇವತ್ತೇ ಹೇಳಿದೆ, ನಕ್ಕರು. ಇನ್ನೊಂದು ಕೇಳಬೇಕಿತ್ತು. ನಾನೂ ಏನಾದರೂ ಮಾಡಿಕೊಂಡು ಹೋಗಬೇಕಂತೆ. ಮುದ್ದೆ ಮಾಡಲಾ?

ಜಮಖಂಡಿಯಿಂದ:

ಮಾಡ್ರಿ. ಸಾರು ಜಾಸ್ತಿ ತರ್ರಿ, ಅಗೀಬ್ಯಾಡ್ರಿ ಅಂತ ಮೊದ್ಲ ಹೇಳ್ರಿ. ಹಿರಿಯಾರಿಗೆ ಜ್ವಾರಾಗಿ ಹೇಳ್ರಿ.